ದ್ವೇಷಕ್ಕೂ ಒಂದು ಡೆಫಿನಿಷನ್ ಬೇಕಾ?

2023ರ ಅಕ್ಟೋಬರ್ ತಿಂಗಳು. ಇಸ್ರೇಲ್ ಮೇಲೆ ಹಮಾಸ್ ದಾಳಿ ಮಾಡಿ ಕೆಲವೇ ದಿನ ಆಗಿತ್ತು. ಆ ದಾಳಿಯಲ್ಲಿ ಸುಮಾರು 1,200 ಜನ ಸತ್ತಿದ್ದರು, ಸುಮಾರು 250 ಜನರನ್ನು ಒತ್ತೆಯಾಳುಗಳಾಗಿ ಎಳೆದುಕೊಂಡು ಹೋಗಿದ್ದರು. ಅದಕ್ಕೆ ಪ್ರತಿಯಾಗಿ ಗಾಜಾ ಮೇಲೆ ಇಸ್ರೇಲ್ ಬಾಂಬ್ ಸುರಿಯುತ್ತಿತ್ತು. ರಾತ್ರಿ 9 ಗಂಟೆ ಬುಲೆಟಿನ್‌ಗೆ ಇನ್ನು ಹತ್ತು ನಿಮಿಷ ಇದೆ. ಹೆಡ್‌ಲೈನ್ ಬೇಕು ಅಂತ ಪಿಸಿಆರ್‌ನಿಂದ ಕೂಗು. ನಾನೇ ಟೈಪ್ ಮಾಡಿದೆ: 'ಯಹೂದಿಗಳ ಸೇಡು!' ಚಿಕ್ಕದು, ಪಂಚ್ ಇದೆ, ಪರದೆ ಮೇಲೆ ಚೆನ್ನಾಗಿ ಕೂರುತ್ತೆ. ಓಕೆ ಆಯ್ತು, ಪ್ರಸಾರವೂ ಆಯ್ತು.

ಮಾರನೇ ದಿನ ಮಧ್ಯಾಹ್ನ ಕಚೇರಿಗೆ ಒಂದು ಫೋನ್. ವಯಸ್ಸಾದ ಹೆಂಗಸಿನ ದನಿ. ಅಚ್ಚ ಬೆಂಗಳೂರು ಕನ್ನಡ. "ನಾನು ಯಹೂದಿ ಕಣಪ್ಪಾ. ಇಲ್ಲೇ ಹುಟ್ಟಿದ್ದು, ಇಲ್ಲೇ ಬೆಳೆದಿದ್ದು. ನಾನು ಯಾರ ಮೇಲೂ ಸೇಡು ತೀರಿಸ್ಕೊಂಡಿಲ್ಲವಲ್ಲ?" ಅಂದರು. ಬೈಯಲಿಲ್ಲ, ಕೇಸ್ ಹಾಕ್ತೀನಿ ಅನ್ನಲಿಲ್ಲ. ಹೆಸರು ಕೇಳಿದ್ದಕ್ಕೆ, ಅದೆಲ್ಲ ಬೇಡ ಬಿಡಿ ಅಂದರು. ಇಟ್ಟುಬಿಟ್ಟರು.

ನಾನು ಅಲ್ಲಿಯವರೆಗೆ ಆ ಹೆಡ್‌ಲೈನ್‌ನಲ್ಲಿ ತಪ್ಪಿದೆ ಅಂತ ಯೋಚನೆ ಕೂಡ ಮಾಡಿರಲಿಲ್ಲ. ಇಸ್ರೇಲ್ ಅಂದ್ರೆ ಯಹೂದಿಗಳು, ಯಹೂದಿಗಳು ಅಂದ್ರೆ ಇಸ್ರೇಲ್. ಅಷ್ಟೇ ತಾನೇ ಅಂದುಕೊಂಡಿದ್ದೆ. ಆವತ್ತು ರಾತ್ರಿ ಕೂತು ಹುಡುಕಿದಾಗ ಒಂದು ದಾಖಲೆ ಸಿಕ್ಕಿತು. ಯಹೂದಿದ್ವೇಷ ಅಂದ್ರೆ ಏನು ಅಂತ ಹೇಳೋ ವ್ಯಾಖ್ಯಾನ ಅದು. ಜಗತ್ತಿನ 40ಕ್ಕೂ ಹೆಚ್ಚು ದೇಶಗಳು ಅದನ್ನು ಅಧಿಕೃತವಾಗಿ ಒಪ್ಪಿವೆ. ಅದರ ಜೊತೆಗೆ ಕೊಟ್ಟಿರುವ 11 ಉದಾಹರಣೆಗಳಲ್ಲಿ ಕೊನೆಯದು ನನ್ನ ಹೆಡ್‌ಲೈನೇ! ಇಸ್ರೇಲ್ ಸರ್ಕಾರ ಮಾಡಿದ್ದಕ್ಕೆ ಯಹೂದಿಗಳನ್ನೆಲ್ಲ ಒಟ್ಟಾಗಿ ಹೊಣೆ ಮಾಡುವುದು.

ಈ ದಾಖಲೆಯ ಕಥೆ ಹೇಳ್ತೀನಿ ಕೇಳಿ. ಇದು ಬರೀ ಯುರೋಪಿನ ಕಥೆಯಲ್ಲ. ಒಂದು ಪದಕ್ಕೆ ಅರ್ಥ ಕೊಡುವ ಅಧಿಕಾರ ಸರ್ಕಾರದ ಕೈಗೆ ಹೋದರೆ ಏನಾಗುತ್ತೆ ಅನ್ನೋ ಕಥೆ.

ಮೊದಲು ಪದದಿಂದಲೇ ಶುರು ಮಾಡೋಣ. ಇಂಗ್ಲಿಷ್‌ನಲ್ಲಿ ಇದಕ್ಕೆ ಆಂಟಿಸೆಮಿಟಿಸಂ ಅಂತಾರೆ. ಸೆಮಿಟಿಕ್ ಅನ್ನೋದು ಮೂಲತಃ ಭಾಷಾ ಕುಟುಂಬದ ಹೆಸರು. ನಮ್ಮಲ್ಲಿ ದ್ರಾವಿಡ ಭಾಷೆಗಳು ಅಂತೀವಲ್ಲ, ಹಾಗೆ. ಹೀಬ್ರೂ ಅದರಲ್ಲಿ ಬರುತ್ತೆ, ಅರೇಬಿಕ್ ಕೂಡ ಬರುತ್ತೆ. ಅದಕ್ಕೇ ಕೆಲವರು 'ಅರಬರೂ ಸೆಮೈಟ್‌ಗಳೇ, ಅವರು ಹೇಗೆ ಆಂಟಿಸೆಮೈಟ್ ಆಗ್ತಾರೆ?' ಅಂತ ಬುದ್ಧಿವಂತಿಕೆಯ ಪ್ರಶ್ನೆ ಕೇಳ್ತಾರೆ. ಆದರೆ ಆ ಪದ ಹುಟ್ಟಿದ್ದು ಭಾಷಾಶಾಸ್ತ್ರಕ್ಕಾಗಿ ಅಲ್ಲ. 1879ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮಾರ್ ಎಂಬ ಪತ್ರಕರ್ತ ಇದನ್ನು ಚಾಲ್ತಿಗೆ ತಂದ. ಹೌದು, ನಮ್ಮ ಕಸುಬಿನವನೇ! ಅದೇ ವರ್ಷ 'ಆಂಟಿಸೆಮೈಟರ ಸಂಘ' ಅಂತಲೇ ಒಂದು ಸಂಘ ಕಟ್ಟಿದ. ಜರ್ಮನ್ ಭಾಷೆಯಲ್ಲಿ ಯಹೂದಿದ್ವೇಷ ಅನ್ನೋದಕ್ಕೆ ನೇರವಾದ ಪದ ಆಗಲೇ ಇತ್ತು. ಆದರೆ ಅದು ಚರ್ಚಿನ ಹಳೇ ಜಗಳದ ವಾಸನೆ ಹೊಡೆಯುತ್ತಿತ್ತು. ಮಾರ್‌ಗೆ ಬೇಕಾಗಿದ್ದು ವಿಜ್ಞಾನದ ಹಾಗೆ ಕೇಳಿಸೋ ಪದ. ಇದು ಧರ್ಮದ ವಿಷಯ ಅಲ್ಲ, ರಕ್ತದ ವಿಷಯ ಅಂತ ಜನರಿಗೆ ಹೇಳಬೇಕಿತ್ತು. ಧರ್ಮ ಆದರೆ ಬದಲಾಯಿಸಬಹುದು. ರಕ್ತ ಬದಲಾಯಿಸೋಕೆ ಆಗುತ್ತಾ?

ಅಂದ್ರೆ, ದ್ವೇಷಿಗಳು ತಮಗೆ ತಾವೇ ಹೆಮ್ಮೆಯಿಂದ ಇಟ್ಟುಕೊಂಡ ಹೆಸರು ಅದು. ಹಣೆಗೆ ಹಚ್ಚಿಕೊಂಡ ಬೋರ್ಡು. ಆಗ ಡೆಫಿನಿಷನ್ ಬೇಕಾಗಿರಲಿಲ್ಲ, ಯಾಕಂದ್ರೆ ಯಾರೂ ಮುಚ್ಚಿಡುತ್ತಿರಲಿಲ್ಲ.

ನಾಜಿಗಳು ಬಂದ ಮೇಲೆ ಸರ್ಕಾರಕ್ಕೇ ಒಂದು ಡೆಫಿನಿಷನ್ ಬೇಕಾಯಿತು. ಅವರಿಗೆ ಬೇಕಾಗಿದ್ದು 'ದ್ವೇಷ ಅಂದ್ರೆ ಏನು' ಅನ್ನೋ ಡೆಫಿನಿಷನ್ ಅಲ್ಲ, 'ಯಹೂದಿ ಅಂದ್ರೆ ಯಾರು' ಅನ್ನೋದು. 1933ರ ಏಪ್ರಿಲ್‌ನಲ್ಲಿ ಸರ್ಕಾರಿ ನೌಕರಿಯಿಂದ ಯಹೂದಿಗಳನ್ನು ತೆಗೆಯುವ ಕಾನೂನು ಬಂತು. ಅದರ ನಿಯಮದ ಪ್ರಕಾರ ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಸಾಕು, ನೀವು ಆರ್ಯರಲ್ಲ. 1935ರ ಸೆಪ್ಟೆಂಬರ್‌ನಲ್ಲಿ ನ್ಯೂರೆಂಬರ್ಗ್ ಕಾನೂನುಗಳು ಬಂದವು. ನವೆಂಬರ್ 14ರಂದು ಅದಕ್ಕೆ ಪೂರಕ ಆದೇಶ. ನಾಲ್ವರು ಅಜ್ಜ ಅಜ್ಜಿಯರಲ್ಲಿ ಮೂವರು ಅಥವಾ ನಾಲ್ವರೂ ಯಹೂದಿಗಳಾಗಿದ್ದರೆ ನೀವು ಯಹೂದಿ. ಇಬ್ಬರಿದ್ದರೆ? ನೀವು ಯಹೂದಿ ಸಮುದಾಯದ ಸದಸ್ಯರಾ, ಯಹೂದಿಯನ್ನು ಮದುವೆ ಆಗಿದ್ದೀರಾ ಅಂತ ನೋಡ್ತಾರೆ. ಇಲ್ಲದಿದ್ದರೆ 'ಬೆರಕೆ'.

ನಾನು ಓದಿದ್ದು ಇಂಜಿನಿಯರಿಂಗ್. ಒಂದು ಸ್ಪೆಸಿಫಿಕೇಷನ್ ಕೈಗೆ ಕೊಟ್ಟರೆ ಮೊದಲು ಕೇಳೋ ಪ್ರಶ್ನೆ: ಇದನ್ನು ಅಳೆಯೋದು ಹೇಗೆ? ಆ ಅಜ್ಜಿ ಯಹೂದಿ ಅಂತ ಹೇಗೆ ಗೊತ್ತು? ರಕ್ತ ಪರೀಕ್ಷೆ ಮಾಡಿದರಾ? ಇಲ್ಲ. ಅಂಥ ಪರೀಕ್ಷೆ ಇರಲೂ ಇಲ್ಲ, ಇರೋಕೆ ಸಾಧ್ಯವೂ ಇಲ್ಲ. ಆ ಅಜ್ಜಿಯ ಹೆಸರು ಯಹೂದಿ ಧಾರ್ಮಿಕ ಸಮುದಾಯದ ಪುಸ್ತಕದಲ್ಲಿ ಇತ್ತಾ ಅಂತ ನೋಡಿದರು. ರಕ್ತ, ಜನಾಂಗ, ವಿಜ್ಞಾನ ಅಂತ ಇಷ್ಟೆಲ್ಲ ಅಬ್ಬರಿಸಿ, ಕೊನೆಗೆ ಹೋಗಿ ನಿಂತಿದ್ದು ಧರ್ಮದ ರಿಜಿಸ್ಟರ್ ಮುಂದೆ! ಕಾಲೇಜಿನಲ್ಲಿ ಇಂಥ ಸರ್ಕ್ಯುಲರ್ ಡೆಫಿನಿಷನ್ ಬರೆದಿದ್ದರೆ ಮೇಷ್ಟ್ರು ಸೊನ್ನೆ ಕೊಡುತ್ತಿದ್ದರು. ಆದರೆ ಆ ಸೊನ್ನೆ ಡೆಫಿನಿಷನ್ ಹಿಡಿದುಕೊಂಡೇ ಸರ್ಕಾರಿ ಗುಮಾಸ್ತರು ಪಟ್ಟಿ ಮಾಡಿದರು. ಕೊನೆಗೆ ಯುರೋಪಿನ ಸುಮಾರು 60 ಲಕ್ಷ ಯಹೂದಿಗಳು ಹತ್ಯೆಯಾದರು.

ಇದನ್ನು ನೆನಪಿಟ್ಟುಕೊಳ್ಳಿ. ಡೆಫಿನಿಷನ್ ಅನ್ನೋದು ಬರೀ ನಿಘಂಟಿನ ವಿಷಯ ಅಲ್ಲ.

ಈಗ ನೇರವಾಗಿ 2000ದ ಆಚೀಚೆಗೆ ಬರೋಣ. ಆ ವರ್ಷ ಪ್ಯಾಲೆಸ್ತೀನಿಯನ್ನರ ಎರಡನೇ ಇಂತಿಫಾದಾ ಶುರುವಾಯಿತು. ಆಮೇಲೆ ಯುರೋಪಿನ ಊರುಗಳಲ್ಲಿ ಸಿನಗಾಗ್‌ಗಳ ಮೇಲೆ, ಯಹೂದಿ ಶಾಲೆಗಳ ಮೇಲೆ ದಾಳಿಗಳು ಹೆಚ್ಚಾದವು. ಎಷ್ಟು ಹೆಚ್ಚಾಯಿತು ಅಂತ ಲೆಕ್ಕ ಹಾಕೋಕೆ ಯುರೋಪಿಯನ್ ಒಕ್ಕೂಟದ ಜನಾಂಗದ್ವೇಷ ನಿಗಾ ಕೇಂದ್ರ ಹೊರಟಿತು. ಸಮಸ್ಯೆ ಏನಪ್ಪಾ ಅಂದ್ರೆ, ಒಂದೊಂದು ದೇಶ ಒಂದೊಂದು ರೀತಿ ಎಣಿಸುತ್ತಿತ್ತು. ಒಂದು ದೇಶದಲ್ಲಿ ಯಹೂದಿದ್ವೇಷ ಅಂತ ದಾಖಲಾಗಿದ್ದು ಇನ್ನೊಂದರಲ್ಲಿ ಬರೀ ಪುಂಡಾಟಿಕೆ. ಅಳತೆಗೋಲೇ ಬೇರೆ ಬೇರೆ ಆದರೆ ಹೋಲಿಕೆ ಮಾಡೋದು ಹೇಗೆ?

ಅಲ್ಲಿ ಬರುತ್ತಾರೆ ಕೆನೆತ್ ಸ್ಟರ್ನ್. ಅಮೆರಿಕದ ವಕೀಲ, ಸ್ವತಃ ಯಹೂದಿ, ಆಗ ಅಮೆರಿಕನ್ ಜ್ಯೂಯಿಷ್ ಕಮಿಟಿಯಲ್ಲಿ ಯಹೂದಿದ್ವೇಷದ ವಿಷಯ ನೋಡಿಕೊಳ್ಳುತ್ತಿದ್ದವರು. ಇತರ ತಜ್ಞರ ಜೊತೆ ಸೇರಿ ಒಂದು ಕರಡು ಸಿದ್ಧ ಮಾಡಿದರು. 2005ರಲ್ಲಿ ಆ ನಿಗಾ ಕೇಂದ್ರ ಅದನ್ನು 'ವರ್ಕಿಂಗ್ ಡೆಫಿನಿಷನ್' ಅಂತ ಹೊರಗೆ ಬಿಟ್ಟಿತು. ವರ್ಕಿಂಗ್ ಅಂದ್ರೆ ಸದ್ಯಕ್ಕೆ ಕೆಲಸ ನಡೆಸೋಕೆ. ನಮ್ಮ ಲ್ಯಾಬ್ ಭಾಷೆಯಲ್ಲಿ ಪ್ರೋಟೋಟೈಪ್. ಉದ್ದೇಶ ಎಣಿಕೆ. ಯಾರನ್ನೂ ಶಿಕ್ಷಿಸೋಕೆ ಅಲ್ಲ.

ಹನ್ನೊಂದು ವರ್ಷ ಬಿಟ್ಟು, 2016ರ ಮೇ 26ರಂದು, ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿ ಆ ಕರಡಿಗೆ ಮರುಜನ್ಮ ಸಿಕ್ಕಿತು. ಹೋಲೋಕಾಸ್ಟ್ ನೆನಪಿಗಾಗಿ ಇರುವ ಅಂತಾರಾಷ್ಟ್ರೀಯ ಒಕ್ಕೂಟ, ಚಿಕ್ಕದಾಗಿ ಐಎಚ್‌ಆರ್‌ಎ, ಅದನ್ನು ಸ್ವಲ್ಪ ತಿದ್ದಿ ಒಪ್ಪಿಕೊಂಡಿತು. ಆಗ ಅದರಲ್ಲಿ 31 ಸದಸ್ಯ ದೇಶಗಳಿದ್ದವು. ಸ್ವೀಡನ್ ಪ್ರಧಾನಿಯಾಗಿದ್ದ ಯೊರಾನ್ ಪೆರ್ಶೋನ್ 1998ರಲ್ಲಿ ಶುರು ಮಾಡಿದ ಒಕ್ಕೂಟ ಇದು. ಜಾಗ ಗಮನಿಸಿ, ಬುಕಾರೆಸ್ಟ್. ಎರಡನೇ ಮಹಾಯುದ್ಧದಲ್ಲಿ ರೊಮೇನಿಯಾ ಆಡಳಿತದ ಕೈಯಲ್ಲಿ 2.8 ಲಕ್ಷದಿಂದ 3.8 ಲಕ್ಷ ಯಹೂದಿಗಳು ಸತ್ತರು ಅಂತ ಎಲೀ ವೀಸೆಲ್ ಅಧ್ಯಕ್ಷತೆಯ ಆಯೋಗ 2004ರಲ್ಲಿ ಹೇಳಿತು. ಅದೇ ದೇಶದ ಅಧ್ಯಕ್ಷತೆಯಲ್ಲಿ ಈ ತೀರ್ಮಾನ. 1935ರಲ್ಲಿ ಸರ್ಕಾರಗಳು ಕೇಳಿದ ಪ್ರಶ್ನೆ 'ಯಹೂದಿ ಯಾರು?' 81 ವರ್ಷ ಆದ ಮೇಲೆ ಕೇಳಿದ ಪ್ರಶ್ನೆ 'ಯಹೂದಿದ್ವೇಷ ಯಾವುದು?' ಪ್ರಶ್ನೆಯೇ ಉಲ್ಟಾ ಆಗಿದೆ. ಇದು ಸಣ್ಣ ಮಾತಲ್ಲ.

ಆ ಡೆಫಿನಿಷನ್‌ನಲ್ಲಿ ಏನಿದೆ? ಇಂಗ್ಲಿಷ್‌ನಲ್ಲಿ ಬರೀ 38 ಪದ. ಯಹೂದಿದ್ವೇಷ ಎಂದರೆ ಯಹೂದಿಗಳ ಬಗೆಗಿನ ಒಂದು ಬಗೆಯ ದೃಷ್ಟಿ, ಅದು ದ್ವೇಷವಾಗಿ ಹೊರಬರಬಹುದು. ಅದು ಮಾತಿನಲ್ಲೋ ಕೈಯಲ್ಲೋ ಯಹೂದಿಗಳ ಮೇಲೆ, ಯಹೂದಿಗಳಲ್ಲದವರ ಮೇಲೆ, ಅವರ ಆಸ್ತಿ, ಸಂಸ್ಥೆ, ಪ್ರಾರ್ಥನಾ ಸ್ಥಳಗಳ ಮೇಲೆ ತಿರುಗಬಹುದು. ಇಷ್ಟೇ ಸಾರಾಂಶ. 'ಒಂದು ಬಗೆಯ ದೃಷ್ಟಿ' ಅಂದ್ರೆ ಎಂಥ ದೃಷ್ಟಿ? ಹೇಳಿಲ್ಲ. 'ಬಹುದು' ಅಂದ್ರೆ ಆಗದೆಯೂ ಇರಬಹುದಾ? ಗೊತ್ತಿಲ್ಲ. ಟಾಲರೆನ್ಸ್ ಕೊಡದ ಡ್ರಾಯಿಂಗ್ ಇದ್ದ ಹಾಗೆ. ಅದಕ್ಕೇ ನಿಜವಾದ ಭಾರ ಎಲ್ಲ ಕೆಳಗಿನ 11 ಉದಾಹರಣೆಗಳ ಮೇಲೆ ಬಿತ್ತು. ಹೋಲೋಕಾಸ್ಟ್ ನಡೆದೇ ಇಲ್ಲ ಅನ್ನೋದು, ಮಾಧ್ಯಮ, ಬ್ಯಾಂಕು, ಸರ್ಕಾರ ಎಲ್ಲ ಯಹೂದಿಗಳ ಕೈಯಲ್ಲಿದೆ ಅನ್ನೋದು, ಇವುಗಳ ಬಗ್ಗೆ ತಕರಾರೇ ಇಲ್ಲ. ತಕರಾರು ಇರೋದು ಇಸ್ರೇಲ್ ಹೆಸರು ಬರೋ ಉದಾಹರಣೆಗಳಲ್ಲಿ. ಇಸ್ರೇಲ್ ದೇಶದ ಅಸ್ತಿತ್ವವೇ ಜನಾಂಗೀಯವಾದಿ ಯೋಜನೆ ಅನ್ನುವ ಮೂಲಕ ಯಹೂದಿಗಳ ಸ್ವಯಂನಿರ್ಣಯದ ಹಕ್ಕು ನಿರಾಕರಿಸೋದು ಅಲ್ಲಿನ ಒಂದು ಉದಾಹರಣೆ. ಇಸ್ರೇಲ್ ನೀತಿಯನ್ನು ನಾಜಿಗಳಿಗೆ ಹೋಲಿಸೋದು ಇನ್ನೊಂದು.

ಇಸ್ರೇಲ್ ವಿಷಯ ಯಾಕೆ ತಂದರು? ಕಾರಣ ಇದೆ. ಜರ್ಮನಿಯಲ್ಲಿ ವುಪರ್ಟಾಲ್ ಅಂತ ಒಂದು ಊರು. 1938ರ ನವೆಂಬರ್‌ನಲ್ಲಿ ನಾಜಿಗಳು ಅಲ್ಲಿನ ಸಿನಗಾಗ್ ಸುಟ್ಟಿದ್ದರು. ಮುಂದೆ ಹೊಸದು ಕಟ್ಟಿದರು. 2014ರ ಜುಲೈನಲ್ಲಿ, ಗಾಜಾದಲ್ಲಿ ಯುದ್ಧ ನಡೆಯುತ್ತಿದ್ದಾಗ, ಮೂವರು ಆ ಹೊಸ ಸಿನಗಾಗ್ ಮೇಲೆ ಪೆಟ್ರೋಲ್ ಬಾಂಬ್ ಎಸೆದರು. ಯಾರಿಗೂ ಗಾಯ ಆಗಲಿಲ್ಲ. 2015ರಲ್ಲಿ ಅಲ್ಲಿನ ಕೋರ್ಟ್ ಏನು ಹೇಳಿತು ಗೊತ್ತಾ? ಇವರು ತಪ್ಪು ಮಾಡಿದ್ದಾರೆ, ಆದರೆ ಇದರ ಹಿಂದೆ ಯಹೂದಿದ್ವೇಷ ಇದೆ ಅನ್ನೋಕೆ ಆಧಾರ ಇಲ್ಲ, ಗಾಜಾ ಕಡೆ ಗಮನ ಸೆಳೆಯೋಕೆ ಮಾಡಿದ್ದು! ಗಮನ ಸೆಳೆಯಬೇಕು ಅಂದ್ರೆ ಇಸ್ರೇಲ್ ರಾಯಭಾರ ಕಚೇರಿ ಮುಂದೆ ಧಿಕ್ಕಾರ ಕೂಗಬಹುದಿತ್ತು. ಪ್ರಾರ್ಥನೆ ಮಾಡೋ ಜಾಗಕ್ಕೆ ಬೆಂಕಿ ಯಾಕೆ? ಅಲ್ಲಿ ಪ್ರಾರ್ಥನೆ ಮಾಡುವವರು ಗಾಜಾದಲ್ಲಿ ಏನು ಮಾಡಿದ್ದರು? ಅವರು ಮಾಡಿದ ತಪ್ಪು ಒಂದೇ, ಯಹೂದಿಗಳಾಗಿದ್ದು. ಇಂಥ ಕಡೆ ಒಂದು ಡೆಫಿನಿಷನ್ ಬೇಕು ಅಂತ ಯಹೂದಿ ಸಂಘಟನೆಗಳು ಕೇಳಿದ್ದರಲ್ಲಿ ಏನು ತಪ್ಪು?

2012ರಲ್ಲಿ ಫ್ರಾನ್ಸ್‌ನ ತುಲೂಸ್‌ನಲ್ಲಿ ಯಹೂದಿ ಶಾಲೆಯ ಮುಂದೆ ಮೂವರು ಮಕ್ಕಳು, ಒಬ್ಬ ಮೇಷ್ಟ್ರು ಗುಂಡಿಗೆ ಬಲಿಯಾದರು. 2015ರಲ್ಲಿ ಪ್ಯಾರಿಸ್‌ನ ಯಹೂದಿ ದಿನಸಿ ಅಂಗಡಿಯಲ್ಲಿ ನಾಲ್ವರು. 2018ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಸಿನಗಾಗ್‌ನಲ್ಲಿ 11 ಜನ. ನಮ್ಮಲ್ಲೂ ನಡೆದಿದೆ, ಮರೆತಿದ್ದೀವಿ. 2008ರ ನವೆಂಬರ್ 26. ನಾನಾಗ ಇಂಜಿನಿಯರಿಂಗ್ ಹುಡುಗ. ಹಾಸ್ಟೆಲ್ ಟಿವಿ ರೂಮಿನಲ್ಲಿ ಮೂರು ದಿನ ಮುಂಬೈ ದಾಳಿ ನೋಡಿದ್ದೆ. ತಾಜ್ ನೋಡಿದೆವು, ಒಬೆರಾಯ್ ನೋಡಿದೆವು, ಸಿಎಸ್‌ಟಿ ನೋಡಿದೆವು. ನಡುವೆ ಒಂದು ಇಕ್ಕಟ್ಟು ಗಲ್ಲಿಯ ನಾರಿಮನ್ ಹೌಸ್ ಬರುತ್ತಿತ್ತು. ಅಷ್ಟು ದೊಡ್ಡ ಹೋಟೆಲ್‌ಗಳ ನಡುವೆ ಈ ಪುಟ್ಟ ಕಟ್ಟಡ ಯಾಕೆ ಅಂತ ಯಾರೂ ಕೇಳಲಿಲ್ಲ. ಅದು ಯಹೂದಿ ಕೇಂದ್ರ. ಅದಕ್ಕೇ ಅದನ್ನು ಹುಡುಕಿಕೊಂಡು ಹೋಗಿದ್ದು. ರಬ್ಬಿ ಗೇವ್ರಿಯೆಲ್ ಹೋಲ್ಟ್ಸ್‌ಬರ್ಗ್, ಅವರ ಹೆಂಡತಿ ರಿವ್ಕಾ ಸೇರಿ ಆರು ಜನ ಅಲ್ಲಿ ಸತ್ತರು. ಎರಡು ವರ್ಷದ ಮಗು ಮೋಶೆಯನ್ನು ಎತ್ತಿಕೊಂಡು ಹೊರಗೆ ಓಡಿ ಬಂದಿದ್ದು ಭಾರತದ ಹೆಣ್ಣುಮಗಳು, ಆಯಾ ಸ್ಯಾಂಡ್ರಾ ಸ್ಯಾಮ್ಯುಯೆಲ್.

ನಮ್ಮ ನಾಡಿಗೆ ಯಹೂದಿಗಳು ಹೊಸಬರಲ್ಲ. 12ನೇ ಶತಮಾನದಲ್ಲಿ ಟ್ಯುನೀಷಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿಗೆ ಬಂದು ಹತ್ತಾರು ವರ್ಷ ಇದ್ದ. ಕಂಚಿನ ಪಾತ್ರೆ ಮಾಡಿಸುತ್ತಿದ್ದ, ಮೆಣಸು ಅಡಿಕೆ ಕಳಿಸುತ್ತಿದ್ದ. ಆಶು ಎಂಬ ಇಲ್ಲಿನ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ ಪತ್ರ 1132ರಲ್ಲಿ ಮಂಗಳೂರಿನಲ್ಲೇ ಬರೆದದ್ದು. ಅವನ ಕಾಗದಗಳು ಕೈರೋದ ಸಿನಗಾಗ್ ಒಂದರಲ್ಲಿ ಸಿಕ್ಕಿವೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಇವತ್ತಿಗೂ ಪುಟ್ಟದೊಂದು ಯಹೂದಿ ಸ್ಮಶಾನ ಇದೆ. ನಾನು ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೀನೋ, ಒಂದು ಸಲವೂ ನೋಡಿರಲಿಲ್ಲ. ನೋಡಿದ್ದು ಬೇರೆ. ಫುಟ್‌ಪಾತ್ ಪುಸ್ತಕದಂಗಡಿಗಳಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಹಿಟ್ಲರ್ ಆತ್ಮಕಥೆ. ಸ್ಟ್ರಿಕ್ಟ್ ಮೇಷ್ಟ್ರಿಗೆ ನಾವೇ ಇಟ್ಟ ಅಡ್ಡಹೆಸರು ಹಿಟ್ಲರ್. ಗತ್ತಿನ ಮನುಷ್ಯನ ಕಥೆ ಅಂದ್ರೆ ಧಾರಾವಾಹಿ ಹೆಸರಲ್ಲೂ ಹಿಟ್ಲರ್. ನಮಗೆ ಯಹೂದಿಗಳ ಮೇಲೆ ದ್ವೇಷ ಇಲ್ಲ, ನಿಜ. ಆದರೆ ಏನೂ ಗೊತ್ತಿಲ್ಲದಿರೋದೂ ಒಂದು ರೋಗವೇ. ನನ್ನ ಹೆಡ್‌ಲೈನ್ ಅದೇ ರೋಗದ ಲಕ್ಷಣ.

ಹಾಗಾದ್ರೆ ಡೆಫಿನಿಷನ್ ಬಂದಿದ್ದು ಒಳ್ಳೇದೇ ಆಯ್ತಲ್ಲ, ಕಥೆ ಮುಗೀತಲ್ಲ ಅಂತೀರಾ? ಇಲ್ಲ. ಅರ್ಧ ಕಥೆ ಈಗ ಶುರು.

2016ರ ಡಿಸೆಂಬರ್ 12ರಂದು ಬ್ರಿಟನ್ ಪ್ರಧಾನಿ ತೆರೇಸಾ ಮೇ ತಮ್ಮ ಸರ್ಕಾರ ಈ ಡೆಫಿನಿಷನ್ ಒಪ್ಪಿಕೊಳ್ಳುತ್ತೆ ಅಂತ ಘೋಷಿಸಿದರು. 2017ರಲ್ಲಿ ಯುರೋಪಿಯನ್ ಸಂಸತ್ತು ಶಿಫಾರಸು ಮಾಡಿತು, ಜರ್ಮನಿ ಒಪ್ಪಿತು. 2019ರ ಡಿಸೆಂಬರ್‌ನಲ್ಲಿ ಫ್ರಾನ್ಸ್‌ನ ಸಂಸತ್ತು 154-72 ಮತಗಳಿಂದ ನಿರ್ಣಯ ಮಾಡಿತು. ಅಲ್ಲೇ 127 ಯಹೂದಿ ಚಿಂತಕರು ಅದು ಬೇಡ ಅಂತ ಸಹಿ ಹಾಕಿದ್ದರು ಅನ್ನೋದನ್ನೂ ಗಮನಿಸಿ. ಅದೇ ತಿಂಗಳು 11ರಂದು ಅಮೆರಿಕ ಅಧ್ಯಕ್ಷ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಸರ್ಕಾರದ ಹಣ ಪಡೆಯುವ ಕಾಲೇಜುಗಳಲ್ಲಿ ತಾರತಮ್ಯದ ದೂರು ಬಂದರೆ ಅಧಿಕಾರಿಗಳು ಈ ಡೆಫಿನಿಷನ್ ಗಮನದಲ್ಲಿ ಇಟ್ಟುಕೊಳ್ಳಬೇಕು ಅಂತ.

ಆಗ ಜೋರಾಗಿ ವಿರೋಧಿಸಿದ್ದು ಯಾರು ಗೊತ್ತಾ? ಅದೇ ಕೆನೆತ್ ಸ್ಟರ್ನ್! ಡೆಫಿನಿಷನ್ ಬರೆದ ಮನುಷ್ಯ! 2017ರಲ್ಲೇ ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ಹೋಗಿ ಇದನ್ನು ಕಾಲೇಜುಗಳಿಗೆ ಕಾನೂನಾಗಿ ತರಬೇಡಿ ಅಂದಿದ್ದರು. 2019ರಲ್ಲಿ ಪತ್ರಿಕೆಯಲ್ಲೂ ಬರೆದರು. ಅವರ ವಾದ ಸರಳ: ನಾನು ಮಾಡಿದ್ದು ಎಣಿಸೋ ಸಾಧನ, ನೀವು ಅದರಿಂದ ವಿದ್ಯಾರ್ಥಿಗಳ ಬಾಯಿ ಮುಚ್ಚಿಸ್ತಿದ್ದೀರಿ. ಲ್ಯಾಬಿನಲ್ಲಿ ಮಲ್ಟಿಮೀಟರ್ ತಗೊಂಡು ಮೊಳೆ ಹೊಡೆಯೋ ಹುಡುಗರನ್ನು ನಾನು ನೋಡಿದ್ದೀನಿ. ಮೊಳೆಯೂ ನೆಟ್ಟಗೆ ಹೋಗಲ್ಲ, ಮೀಟರೂ ಕೆಡುತ್ತೆ.

ಕೆಟ್ಟಿದ್ದಕ್ಕೆ ಉದಾಹರಣೆ ಕೊಡ್ತೀನಿ. ಪೀಟರ್ ಶೇಫರ್ ಜರ್ಮನಿಯ ದೊಡ್ಡ ವಿದ್ವಾಂಸ. ಜೀವಮಾನವಿಡೀ ಯಹೂದಿ ಧರ್ಮ, ಗ್ರಂಥಗಳನ್ನು ಅಧ್ಯಯನ ಮಾಡಿದವರು. ಬರ್ಲಿನ್‌ನ ಯಹೂದಿ ಮ್ಯೂಸಿಯಂನ ನಿರ್ದೇಶಕ. 2019ರ ಮೇನಲ್ಲಿ ಜರ್ಮನ್ ಸಂಸತ್ತು ಇದೇ ಡೆಫಿನಿಷನ್ ಉಲ್ಲೇಖಿಸಿ, ಇಸ್ರೇಲ್ ಬಹಿಷ್ಕಾರ ಚಳವಳಿಯನ್ನು ಯಹೂದಿದ್ವೇಷ ಅಂತ ಖಂಡಿಸುವ ನಿರ್ಣಯ ಮಾಡಿತು. ಅದನ್ನು ಒಪ್ಪದೆ 240 ಯಹೂದಿ ಮತ್ತು ಇಸ್ರೇಲಿ ವಿದ್ವಾಂಸರು ಹೇಳಿಕೆ ಕೊಟ್ಟರು. ಆ ಸುದ್ದಿಯ ಲಿಂಕನ್ನು ಮ್ಯೂಸಿಯಂನವರು ಟ್ವೀಟ್ ಮಾಡಿದರು. ಅಷ್ಟೆ. ಗಲಾಟೆ ಎದ್ದು, ಜೂನ್‌ನಲ್ಲಿ ಶೇಫರ್ ರಾಜೀನಾಮೆ ಕೊಡಬೇಕಾಯಿತು. ಯಹೂದಿ ವಿದ್ವಾಂಸರ ಮಾತನ್ನು ಹಂಚಿಕೊಂಡಿದ್ದಕ್ಕೆ ಯಹೂದಿ ಮ್ಯೂಸಿಯಂನ ನಿರ್ದೇಶಕರು ಹುದ್ದೆ ಬಿಡಬೇಕಾಯಿತು!

ವುಪರ್ಟಾಲ್ ಒಂದು ಕಡೆ ಇಡಿ, ಬರ್ಲಿನ್ ಒಂದು ಕಡೆ ಇಡಿ. ಇಂಜಿನಿಯರಿಂಗ್‌ನಲ್ಲಿ ಎರಡು ಥರದ ದೋಷ ಇದೆ. ಬೆಂಕಿ ಬಿದ್ದಾಗ ಹೊಡೆಯದ ಅಲಾರಂ ಒಂದು. ಒಗ್ಗರಣೆ ಹೊಗೆಗೂ ಬಡಿದುಕೊಳ್ಳೋ ಅಲಾರಂ ಇನ್ನೊಂದು. ಮೊದಲನೆಯದು ಅಪಾಯ, ಎಲ್ಲರಿಗೂ ಗೊತ್ತು. ಎರಡನೆಯದೂ ಅಪಾಯವೇ. ಯಾಕಂದ್ರೆ ನಾಲ್ಕು ಸಲ ಸುಮ್ಮನೆ ಬಡಿದುಕೊಂಡರೆ ಐದನೇ ಸಲ ಯಾರೂ ಎದ್ದು ಬರಲ್ಲ. ಆಗ ಸುಟ್ಟುಹೋಗೋದು ಸಿನಗಾಗೇ.

ಬ್ರಿಟನ್‌ನ ಲೇಬರ್ ಪಕ್ಷದ ಕಥೆಯಲ್ಲಿ ಎರಡೂ ಇವೆ. ಜೆರೆಮಿ ಕಾರ್ಬಿನ್ ನಾಯಕರಾಗಿದ್ದಾಗ ಪಕ್ಷದೊಳಗೆ ಯಹೂದಿ ಸದಸ್ಯರಿಗೆ ಕಿರುಕುಳ ಅಂತ ದೂರಿನ ಮೇಲೆ ದೂರು. 2018ರ ಜುಲೈನಲ್ಲಿ ಪಕ್ಷ ಡೆಫಿನಿಷನ್ ಒಪ್ಪಿತು, ಆದರೆ ಇಸ್ರೇಲ್‌ಗೆ ಸಂಬಂಧಿಸಿದ 4 ಉದಾಹರಣೆಗಳನ್ನು ಹಾಗೇ ತೆಗೆದುಕೊಳ್ಳಲಿಲ್ಲ. ಪರಸ್ಪರ ಸ್ಪರ್ಧಿಗಳಾದ ಮೂರು ಯಹೂದಿ ಪತ್ರಿಕೆಗಳು ಒಂದೇ ಮುಖಪುಟ ಸಂಪಾದಕೀಯ ಹಾಕಿ ಪ್ರತಿಭಟಿಸಿದವು. ಸೆಪ್ಟೆಂಬರ್ 4ರಂದು ಪಕ್ಷ ಮಣಿದು ಎಲ್ಲ 11 ಉದಾಹರಣೆಗಳನ್ನೂ ಒಪ್ಪಿತು. ಬೇಸಿಗೆಯಿಡೀ ಟಿವಿ ಸ್ಟುಡಿಯೋಗಳಲ್ಲಿ ಇದೇ ಜಗಳ, ಯಾವ ಉದಾಹರಣೆ ಒಳಗೆ, ಯಾವುದು ಹೊರಗೆ. ಕೊನೆಗೆ 2020ರ ಅಕ್ಟೋಬರ್‌ನಲ್ಲಿ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ವರದಿ ಕೊಟ್ಟಿತು. ಪಕ್ಷ ಕಾನೂನು ಮುರಿದಿದೆ, ಕಿರುಕುಳ, ತಾರತಮ್ಯ ನಡೆದಿದೆ ಅಂತ. ಯಾವ ಕಾನೂನಿನ ಪ್ರಕಾರ? 2010ರ ಸಮಾನತೆ ಕಾಯ್ದೆ. ಎಲ್ಲ ಧರ್ಮ, ಎಲ್ಲ ಜನಾಂಗಕ್ಕೂ ಅನ್ವಯಿಸೋ ಹಳೇ ಕಾಯ್ದೆ. ಇಷ್ಟು ಜಗಳ ಆಡಿದ ಡೆಫಿನಿಷನ್ ಕಾನೂನೇ ಅಲ್ಲ. ಅದರ ಮೇಲ್ಭಾಗದಲ್ಲೇ ಬರೆದಿದೆ, ಕಾನೂನುಬದ್ಧವಾಗಿ ಕಡ್ಡಾಯ ಅಲ್ಲ ಅಂತ.

ನನಗೆ ಕಾಣೋದು ಇದು. ಪದದ ಮೇಲೆ ಜಗಳ ಆಡೋದು ಸುಲಭ. ಅದಕ್ಕೆ ಸ್ಟುಡಿಯೋ ಸಾಕು. ದೂರು ಕೊಟ್ಟ ಹೆಣ್ಣುಮಗಳಿಗೆ ಯಾರು ಏನು ಹೇಳಿದರು, ಪಕ್ಷ ಯಾಕೆ ಕ್ರಮ ತೆಗೆದುಕೊಳ್ಳಲಿಲ್ಲ ಅಂತ ಒಂದೊಂದು ಫೈಲ್ ತೆಗೆದು ನೋಡೋದು ಕಷ್ಟ. ಅದನ್ನು ಮಾಡಿದ್ದು ಆಯೋಗ.

2021ರ ಮಾರ್ಚ್‌ನಲ್ಲಿ 200ಕ್ಕೂ ಹೆಚ್ಚು ವಿದ್ವಾಂಸರು ಸೇರಿ ಜೆರುಸಲೇಂ ಘೋಷಣೆ ಅಂತ ಇನ್ನೊಂದು ದಾಖಲೆ ತಂದರು. ಅದರ ತಿರುಳು ಇಷ್ಟು: ಯಹೂದಿಗಳನ್ನು ಯಹೂದಿಗಳು ಅನ್ನೋ ಕಾರಣಕ್ಕೇ ತಾರತಮ್ಯ ಮಾಡಿದರೆ, ಹಗೆ ಸಾಧಿಸಿದರೆ, ಹಿಂಸಿಸಿದರೆ ಅದು ಯಹೂದಿದ್ವೇಷ. ನನಗೆ ಇದು ಹೆಚ್ಚು ಸ್ಪಷ್ಟ ಅನಿಸುತ್ತೆ. ಆದರೆ ಸರ್ಕಾರಗಳು ಹಿಡಿದಿರೋದು ಹಳೆಯದನ್ನೇ. 2024ರ ಮೇ 1ರಂದು ಅಮೆರಿಕದ ಕೆಳಮನೆ 320-91 ಮತಗಳಿಂದ ಐಎಚ್‌ಆರ್‌ಎ ಡೆಫಿನಿಷನ್ ಪರ ಮಸೂದೆ ಪಾಸು ಮಾಡಿತು. 2025ರ ಜನವರಿಯಲ್ಲಿ ಕೋರ್ಟ್ ಕೇಸ್‌ಗಳ ರಾಜಿಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವೂ ಅದನ್ನು ಬಳಸೋಕೆ ಒಪ್ಪಿತು.

ಈಗ ನನ್ನ ಎರಡನೇ ತಪ್ಪು ಹೇಳಬೇಕು. ಆ ಫೋನ್ ಬಂದ ಮಾರನೇ ದಿನ ನಾನು ಬುಲೆಟಿನ್‌ನಲ್ಲಿ ಕ್ಷಮೆ ಕೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹೊಸ ಜ್ಞಾನ ಬಂದಿತ್ತಲ್ಲ, ಬಳಸಬೇಕಿತ್ತು! ಎರಡು ಮೂರು ವಾರ ಆದ ಮೇಲೆ ಗಾಜಾ ಕುರಿತು ಪ್ಯಾನೆಲ್ ಚರ್ಚೆ. ಒಬ್ಬ ವಿದ್ಯಾರ್ಥಿ ಬಂದಿದ್ದ. ಗಾಜಾದಲ್ಲಿ ಸಾಯುತ್ತಿರೋ ಮಕ್ಕಳ ಬಗ್ಗೆ ಮಾತಾಡಿದ, ಇಸ್ರೇಲ್ ಸರ್ಕಾರ ಆಸ್ಪತ್ರೆಗಳ ಹತ್ತಿರ ಬಾಂಬ್ ಹಾಕುತ್ತಿದೆ ಅಂದ. ನಾನು ಅರ್ಧಕ್ಕೇ ತಡೆದು, 'ಇದು ಯಹೂದಿದ್ವೇಷ, ನಾನು ಹೇಳ್ತಿಲ್ಲ, 40 ದೇಶಗಳು ಒಪ್ಪಿರೋ ಡೆಫಿನಿಷನ್ ಹೇಳ್ತಿದೆ' ಅಂದೆ. ಪರದೆ ಮೇಲೆ ಪ್ಲೇಟ್ ಬಂತು. ಹುಡುಗ ಏನೋ ಹೇಳೋಕೆ ಹೋದ. ಬ್ರೇಕ್ ತಗೊಂಡೆವು. ಬ್ರೇಕ್ ಆದ ಮೇಲೆ ಅವನಿಗೆ ಮೈಕ್ ಕೊಡಲಿಲ್ಲ. ಆವತ್ತಿನ ಕ್ಲಿಪ್ ಚೆನ್ನಾಗಿ ಓಡಿತು.

ಈ ಪುಸ್ತಕಕ್ಕಾಗಿ ಹಳೇ ಎಪಿಸೋಡ್‌ಗಳನ್ನು ತೆಗೆದು ನೋಡುವಾಗ ಆ ಪ್ಲೇಟ್ ಮತ್ತೆ ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಡೆಫಿನಿಷನ್ ಇಟ್ಟುಕೊಂಡು ಓದಿದೆ. ಉದಾಹರಣೆಗಳಿಗಿಂತ ಮೊದಲು ಅದರಲ್ಲಿ ಒಂದು ಸಾಲು ಇದೆ: ಬೇರೆ ಯಾವುದೇ ದೇಶವನ್ನು ಟೀಕಿಸುವ ಹಾಗೆ ಇಸ್ರೇಲನ್ನು ಟೀಕಿಸಿದರೆ ಅದನ್ನು ಯಹೂದಿದ್ವೇಷ ಎನ್ನಲಾಗದು. ಉದಾಹರಣೆಗಳನ್ನೂ ಒಟ್ಟು ಸಂದರ್ಭ ನೋಡಿಯೇ ಅನ್ವಯಿಸಬೇಕು ಅಂತಲೂ ಇದೆ. ನನ್ನ ಪ್ಲೇಟ್‌ನಲ್ಲಿ ಆ ಎರಡೂ ಇರಲಿಲ್ಲ. ಯಾಕೆ ಇರಲಿಲ್ಲ ಅಂತ ನನಗೆ ನೆನಪಿದೆ. ಪ್ಲೇಟ್‌ನಲ್ಲಿ ನಾಲ್ಕೇ ಸಾಲು ಕೂರೋದು. 'ಆದರೆ' ಇಂದ ಶುರುವಾಗೋ ಸಾಲು ತೆಗೆದುಬಿಡು ಅಂತ ಗ್ರಾಫಿಕ್ಸ್ ಹುಡುಗನಿಗೆ ಹೇಳಿದ್ದು ನಾನೇ.

ಆ ಹುಡುಗ ಬೇರೆ ಯಾವ ದೇಶದ ಬಗ್ಗೆಯೂ ಇದೇ ಮಾತು ಆಡುತ್ತಿದ್ದ. ಯಹೂದಿಗಳು ಅನ್ನೋ ಪದವನ್ನೇ ಬಳಸಿರಲಿಲ್ಲ. ಅದನ್ನು ಬಳಸಿದವನು ನಾನು, ಮೂರು ವಾರದ ಹಿಂದೆ, ಹೆಡ್‌ಲೈನ್‌ನಲ್ಲಿ.

ಡೆಫಿನಿಷನ್ ಬೇಕಾ ಅಂತ ಕೇಳಿದರೆ ಬೇಕು ಅಂತಲೇ ಹೇಳ್ತೀನಿ. ಅದು ಇರದಿದ್ದರೆ ಆ ಅಮ್ಮನ ಮಾತು ನನಗೆ ಪೂರ್ತಿ ಅರ್ಥ ಆಗುತ್ತಿರಲಿಲ್ಲ. ಆದರೆ ಓದುವುದಾದರೆ 'ಆದರೆ' ಸಮೇತ ಓದಬೇಕು. ಸರ್ಕಾರಗಳಾಗಲಿ, ನನ್ನಂಥ ಆಂಕರ್‌ಗಳಾಗಲಿ ಮೊದಲು ಕತ್ತರಿಸೋದು ಆ ಸಾಲನ್ನೇ.

ಆ ಅಮ್ಮನಿಗೆ ಪರದೆ ಮೇಲೆ ಕ್ಷಮೆ ಕೇಳಿದ್ದೀನಿ. ಆ ವಿದ್ಯಾರ್ಥಿಗೆ ಕೇಳಿರಲಿಲ್ಲ. ಇಲ್ಲಿ ಕೇಳ್ತಿದ್ದೀನಿ. ಮುಂದಿನ ಸಲ ಸ್ಟುಡಿಯೋಗೆ ಬಾ, ಮೈಕ್ ನಿನ್ನ ಕೈಯಲ್ಲೇ ಇರುತ್ತೆ.